ಫಾರ್ಸಿಯಲ್ಲಿ ಗೊಣಗುತ್ತ ಇಂಗ್ಲಿಷ್ ಓದಿದ ಮಹ್ತಾಬ್

ಕಿನ್ನಿಗೋಳಿಯ ವಾಯೊಲೆಟ್ ಬಹರೈನಿಗೆ ಬಂದು ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದ್ದು ೧೯೭೭ರಲ್ಲಿ. ಆಗ ಅವಳಿಗೆ ಅರಬಿಯೇ ಬಾರದು. ಫಾರ್ಸಿ ಮಾತಾಡುವ ಮುದುಕಿಯರು ವಾರ್ಡಿಗೆ ಬಂದರಂತೂ ಕೈಕಾಲು ಆಡುತ್ತಿರಲಿಲ್ಲ. ಅಂಥ ಹೊತ್ತಿಗೆ ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದವಳು ಆಯಾ ಮಹ್ತಾಬ್. ಮನಾಮದಲ್ಲೇ ಹುಟ್ಟಿ ಬೆಳೆದರೂ ಅವಳ ಮನೆಮಾತು ಫಾರ್ಸಿ. ಎಲ್ಲಿ ನೋವು, ಏನು ತಿಂದರು ಎಂದು ಕೇಳಿ ತಿಳಿದು, ತನ್ನ ಹರುಕುಮುರುಕು ಹಿಂದಿಯಲ್ಲಿ ವಾಯೊಲೆಟ್‌ಗೆ ಹೇಳುತ್ತಿದ್ದಳು. ಅವಳಿಲ್ಲದಿದ್ದರೆ ಎಂದೋ ಗಂಟುಮೂಟೆ ಕಟ್ಟುತ್ತಿದ್ದೆ ಎಂದು ವಾಯೊಲೆಟ್ ಗಂಡ ಲಾರೆನ್ಸನ ಬಳಿ ಎಷ್ಟೋ ಸಲ ಹೇಳಿದ್ದುಂಟು.

ಮಹ್ತಾಬ್‌ಗೆ ನರ್ಸ್ ಆಗುವ ಆಸೆ. ಕೋರ್ಸಿನ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಕೈಕೊಟ್ಟಾಗ ವಾಯೊಲೆಟ್ ತಾನಾಗಿಯೇ ಕಲಿಸಲು ಮುಂದಾದಳು. ಶುಕ್ರವಾರ ಸಂಜೆ ಗುಫೂಲ್ ಬಡಾವಣೆಯ ತನ್ನ ಫ್ಲಾಟಿನಲ್ಲೇ ಪಾಠ.

ಮಹ್ತಾಬ್ ಗಟ್ಟಿಯಾಗಿ ಓದುವುದು ಕೇಳಲು ಬಲು ಚೆಂದ. ಅರ್ಥ ಕೇಳಿದರೆ ಮಾತ್ರ ತಲೆ ತಗ್ಗಿಸುವಳು. ಗೊತ್ತಿಲ್ಲದ ಪದ ಸಿಕ್ಕಿತೋ, ನಿಘಂಟು ತೆರೆಯುವಳು. ವಾಪಸು ಬರುವಷ್ಟರಲ್ಲಿ ವಾಕ್ಯದ ತಲೆಬುಡ ಮರೆತಿರುತ್ತಿತ್ತು. ವಾಯೊಲೆಟ್ ನಿಘಂಟನ್ನು ಎತ್ತಿಟ್ಟಳು. ಆಗ ಮಹ್ತಾಬ್ ಫಾರ್ಸಿಯಲ್ಲಿ ಗೊಣಗತೊಡಗಿದಳು. ಇಂಗ್ಲಿಷಿನಲ್ಲೇ ಯೋಚಿಸಬೇಕು ಎಂದು ವಾಯೊಲೆಟ್ ಅದನ್ನೂ ನಿಲ್ಲಿಸಿದಳು. ಕಾನ್ವೆಂಟಿನಲ್ಲಿ ತಾನು ಕಲಿತದ್ದು ಹಾಗೆ. ಬರಬರುತ್ತ ಮಹ್ತಾಬ್‌ಳ ಬಾಯೇ ಕಟ್ಟಿತು. ಒಂದು ಶುಕ್ರವಾರ ಪುಸ್ತಕ ಮುಚ್ಚಿ, "ನನ್ನ ತಲೆಗೆ ಇದು ಹತ್ತೋದಿಲ್ಲ ಸಿಸ್ಟರ್" ಎಂದು ಎದ್ದು ಹೋದಳು.

ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಲಾರೆನ್ಸ್ ತಲೆಯೆತ್ತಿದ. "ನೀನು ಇಂಗ್ಲಿಷ್ ಪೇಪರ್ ಓದುವಾಗ ಬಾಯಲ್ಲಿ ಕೊಂಕಣಿ ಅಲ್ವಾ ಬರುದು? ಅವಳಿಗೆ ಮಾತ್ರ ಯಾಕೆ ಬೇಡ ಮಾರಾಯ್ತಿ?"

ವಾಯೊಲೆಟ್‌ಗೆ ಚುರುಕ್ಕೆಂದಿತು. ಮರುದಿನ ವಾರ್ಡಿನಲ್ಲಿ ಮಹ್ತಾಬ್‌ಳ ಕೈ ಹಿಡಿದು, ತಾನು ಕಲಿಸಿದ ರೀತಿಯೇ ಸರಿಯಿರಲಿಲ್ಲ, ಇನ್ನೊಮ್ಮೆ ಬಾ ಎಂದು ಕೇಳಿಕೊಂಡಳು.

"ಎಲ್ಲೂ ನಿಲ್ಲಬೇಡ, ಕೊನೆತನಕ ಓದು. ತಿಳಿದಷ್ಟನ್ನು ನಿನ್ನ ಭಾಷೆಯಲ್ಲೇ ಹೇಳ್ಕೊ. ಇಂಗ್ಲಿಷಿಗೆ ಆಮೇಲೆ ಬರೋಣ," ಎಂದಳು ಮುಂದಿನ ಪಾಠದಲ್ಲಿ.

ಅದು ಜ್ವರ ಬಂದ ಮಗುವಿನ ಬಗ್ಗೆ ಬರೆದ ಪುಟ. ಮಹ್ತಾಬ್ ಓದಿದಳು, ಗೊಣಗಿದಳು, ಮತ್ತೆ ಮೊದಲಿಗೆ ಹೋದಳು. 'ಶಿವರಿಂಗ್' ಎಂಬಲ್ಲಿ ಬೆರಳು ನಿಂತಿತು. ಮಗುವಿಗೆ ಜ್ವರ, ತಾಯಿ ಕಂಬಳಿ ಹೊದಿಸುತ್ತಿದ್ದಾಳೆ, ಹಾಗಾದರೆ... ಎಂದು ಫಾರ್ಸಿಯಲ್ಲೇ ಲೆಕ್ಕ ಹಾಕಿ, ಮಾತಿಲ್ಲದೆ ತನ್ನ ಎರಡೂ ಭುಜಗಳನ್ನು ಗಡಗಡ ನಡುಗಿಸಿ ತೋರಿಸಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಮರುವರ್ಷ ಮಹ್ತಾಬ್ ಪ್ರವೇಶ ಪರೀಕ್ಷೆಯಲ್ಲಿ ಪಾಸಾದಳು. ಹಲ್ವದ ಡಬ್ಬಿ ಹಿಡಿದು ಬಂದವಳು ವಾಯೊಲೆಟ್‌ಳ ಹಣೆಗೆ ಮುತ್ತಿಟ್ಟು, ಒಳ್ಳೆಯದಾಗಲಿ ಎಂದು ಫಾರ್ಸಿಯಲ್ಲೇ ಹರಸಿದಳು. ವಾಯೊಲೆಟ್ ಕಣ್ಣು ತುಂಬಿಕೊಂಡು, ಚಹಾ ಮಾಡುತ್ತೇನೆಂದು ಒಳಗೆ ಹೋದಳು.

ಕೆಲವು ವರ್ಷಗಳ ಮೇಲೆ ತನ್ನ ಮಗಳು ಶಾಲೆಯ ಇಂಗ್ಲಿಷ್ ಪಾಠ ಹಿಡಿದು ಕೂತಾಗ ವಾಯೊಲೆಟ್, "ಏನು ಓದಿದೆ, ಕೊಂಕಣಿಯಲ್ಲಿ ಹೇಳು ನೋಡುವ" ಎನ್ನುತ್ತಿದ್ದಳು. ಆಗೆಲ್ಲ, ಅಷ್ಟರಲ್ಲಿ ಕೋರ್ಸ್ ಮುಗಿಸಿ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದ ಮಹ್ತಾಬ್‌ಳ ನೆನಪಾಗುವುದು. ಸಂಜೆಯ ಜಪಮಾಲೆ ಪ್ರಾರ್ಥನೆಯಲ್ಲಿ ಮನೆಯವರ ಹೆಸರುಗಳ ಜೊತೆಗೆ ಅವಳ ಹೆಸರನ್ನೂ ದೇವರಿಗೆ ಒಪ್ಪಿಸುತ್ತಿದ್ದಳು.