ಸುರಪುರದ ಬಸ್ಸು ಮತ್ತು ಕಣ್ಣು ಕಾಣದ ಸೀಗಡಿ

ದೀಪಾವಳಿ ರಜೆಗೆ ಮುಂಚಿನ ಒಂದು ಸಂಜೆ. ನಾನು ಹೋಗಬೇಕಿದ್ದದ್ದು ಶಹಾಪುರಕ್ಕೆ. ಹತ್ತಿದ್ದು ಸುರಪುರದ ಬಸ್ಸು!

ಇಪ್ಪತ್ತು ವರ್ಷದಿಂದ ಒಂದೇ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿರುವವಳು ನಾನು. ಅದೇ ಸ್ಟಾಪು, ಅದೇ ದಾರಿ. ಹಾಗಿದ್ದೂ ಹೇಗೆ ತಪ್ಪಾಯಿತು?

ಜೊತೆಗೆ ಯಲ್ಲಮ್ಮ ಇದ್ದಳು. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಶಹಾಪುರಕ್ಕಿಂತ ಒಂದು ಸ್ಟಾಪು ಮೊದಲು ಇಳಿಯುತ್ತಾಳೆ. ದಿನಾ ಒಟ್ಟಿಗೇ ಹೋಗುತ್ತೇವೆ. ಬಸ್ಸುಗಳು ಹಳ್ಳಿಯೊಳಗೆ ಬಂದು ತಿರುಗಿ ಹೋಗುತ್ತವೆ. ಕ್ರಾಸಿನಲ್ಲಿ ಎಡಕ್ಕೆ ಹೊರಳಿದರೆ ಶಹಾಪುರ, ಬಲಕ್ಕೆ ಹೊರಳಿದರೆ ಸುರಪುರ. ಅವತ್ತು ನಮ್ಮ ಮಾಮೂಲಿ ಬಸ್ಸು ಬರಲಿಲ್ಲ. ಬೇರೊಂದು ಬಂತು. ಯಲ್ಲಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಹತ್ತಿದೆವು.

ಬಸ್ಸು ಬಲಕ್ಕೆ ಹೊರಳಿತು.

ಕಂಡಕ್ಟರ್ ಗೊಣಗುತ್ತಲೇ ಕಾಲುವೆ ಸೇತುವೆಯ ಹತ್ತಿರ ಇಳಿಸಿದ. ವಾಪಸ್ ಬಸ್ಸಿಗೆ ಕಾಯುತ್ತ ಸೇತುವೆಯ ಕಟ್ಟೆಯ ಮೇಲೆ ಕೂತೆವು. ಕೆಳಗೆ ನೀರು ತುಂಬಿ ಹರಿಯುತ್ತಿತ್ತು. ಬೋರ್ಡು ನೋಡಬಾರದಿತ್ತೇ ಎಂದು ಅವಳನ್ನೇ ಗದರಿಸಿದೆ. (ತಪ್ಪು ನಮ್ಮದಿದ್ದಾಗಲೇ ದನಿ ಏರುವುದು, ಅಲ್ಲವೇ?)

ಅವಳು ನೀರು ನೋಡುತ್ತ ಹೇಳಿದಳು: "ನನಗ ಓದಾಕ ಬರಂಗಿಲ್ರಿ ಅಕ್ಕಾರ. ಸಹಿ ಒಂದು ಕಲ್ತೀನಿ. ಸಾಲ್ಯಾಗ ಯಾರಿಗೂ ಹೇಳಿಲ್ಲ."

ನನಗೆ ಅವತ್ತಿನ ಬೆಳಗಿನ ಕ್ಲಾಸು ನೆನಪಾಯಿತು. ಸಹಜೀವನದ ಪಾಠ. ಹವಳದ ದಿಬ್ಬಗಳ ಪಕ್ಕದ ಮರಳಿನಲ್ಲಿ ಒಂದು ಜಾತಿಯ ಸೀಗಡಿ ಬಿಲ ತೋಡುತ್ತದೆ. ಅದಕ್ಕೆ ಕಣ್ಣು ಕಾಣುವುದೇ ಕಷ್ಟ. ಬಿಲದ ಬಾಯಲ್ಲಿ ಗೋಬಿ ಎಂಬ ಪುಟ್ಟ ಮೀನು ಕಾವಲು ನಿಲ್ಲುತ್ತದೆ. (ಗೋಬಿ ಎಂದ ಕೂಡಲೇ ಇಡೀ ಕ್ಲಾಸು ಮಂಚೂರಿ ನೆನೆದು ನಕ್ಕಿತು.) ಸೀಗಡಿ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಹೊರಗೆ ಬರುತ್ತದೆ. ಅಪಾಯ ಕಂಡರೆ ಮೀನು ಬಾಲ ಅಲುಗಿಸುತ್ತದೆ. ಇಬ್ಬರೂ ಒಳಕ್ಕೆ! ಒಂದಕ್ಕೆ ಕಣ್ಣು ಸಿಕ್ಕಿತು, ಇನ್ನೊಂದಕ್ಕೆ ಮನೆ ಸಿಕ್ಕಿತು.

ಇದನ್ನು ಅಷ್ಟು ಚೆಂದ ವಿವರಿಸಿದ ಟೀಚರು, ತನಗೆ ಒಂದು ವರ್ಷದಿಂದ ಎಲ್ಲ ಮಂಜು ಮಂಜಾಗಿ ಕಾಣುತ್ತಿದೆ ಎಂದು ಒಬ್ಬರಿಗೂ ಹೇಳಿರಲಿಲ್ಲ. ಆಪರೇಷನ್ ಎಂದರೆ ಭಯ. ಅದಕ್ಕಿಂತ ದೊಡ್ಡ ಭಯ, "ಪಾಪ, ವಯಸ್ಸಾಯ್ತು" ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಯಾರು ಎಂಬುದು. ಬಸ್ಸಿನ ಬೋರ್ಡಿನಲ್ಲಿ ನನಗೆ ಕಂಡದ್ದು ಕೊನೆಯ 'ಪುರ' ಮಾತ್ರ.

ಸೇತುವೆಯ ಮೇಲೆ ಅದನ್ನೆಲ್ಲ ಯಲ್ಲಮ್ಮನಿಗೆ ಹೇಳಿಬಿಟ್ಟೆ. ಅವಳು ನಗಲಿಲ್ಲ. ಅಯ್ಯೋ ಪಾಪ ಅನ್ನಲೂ ಇಲ್ಲ.

"ಮೊದಲೇ ಹೇಳಬೇಕಿಲ್ರಿ? ಮೆಟ್ಟಿಲ ಇಳಿಯೂ ಮುಂದ ಕೈ ಹಿಡೀತಿದ್ದೆ," ಎಂದಳು. ಎದ್ದು ನಿಂತು ಕೈ ಚಾಚಿದಳು. ನಾನು ಹಿಡಿದುಕೊಂಡೆ.

ಮರುದಿನದಿಂದ ಬಸ್ಸಿಗೆ ಕಾಯುವ ಅರ್ಧ ಗಂಟೆ ಅವಳ ಕ್ಲಾಸು. ನನ್ನ ಹಳೆಯ ನೋಟ್‌ಬುಕ್ಕು, ಅವಳ ಹೊಸ ಅಕ್ಷರ. ನಾಚಿಕೆ ಎರಡು ದಿನ ಇತ್ತು, ಮೂರನೆಯ ದಿನಕ್ಕೆ ಮಾಯ. ತಿಂಗಳೊಳಗೆ ಯಾದಗಿರಿಯ ಆಸ್ಪತ್ರೆಯಲ್ಲಿ ನನ್ನ ಒಂದು ಕಣ್ಣಿನ ಪೊರೆ ತೆಗೆದರು. ಜೊತೆಗೆ ಬಂದವಳು ಅವಳೇ.

ಎರಡನೆಯ ಕಣ್ಣಿನ ಆಪರೇಷನ್ ಹೋದ ವಾರ ಆಯಿತು. ನರ್ಸು ಔಷಧಿಯ ಜೊತೆ ಒಂದು ಚೀಟಿ ಬರೆದುಕೊಟ್ಟರು. ನಾನು ಕೈ ಚಾಚಿದರೆ ಯಲ್ಲಮ್ಮ ಕೊಡಲೇ ಇಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಓದಿದಳು: "ದಿ... ನ... ಕ್ಕೆ... ನಾ... ಲ್ಕು... ಸ... ಲ." ನಾನು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡೆ. ಅವಸರ ಮಾಡಲಿಲ್ಲ.

ನಮಗೆ ಆಗದ್ದನ್ನು ಇನ್ನೊಬ್ಬರಿಗೆ ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ನಮಗೆಲ್ಲ ಕಲಿಸಿದವರು ಯಾರು?