ಹತ್ತು ಬಂದರುಗಳ ವಿದ್ಯೆ ಎಣಿಸುವ ಅಕ್ಕೋರು

ಬೆಳಗಿನ ಐದೂಮುಕ್ಕಾಲು. ಹಳದೀಪುರದ ಹೆದ್ದಾರಿಯಿಂದ ಎರಡು ಮನೆ ಒಳಗೆ, ಅಡುಗೆಮನೆಯಲ್ಲಿ ಚಹಾ ಕುದಿಯುತ್ತಿದೆ. ಒಲೆಯ ಪಕ್ಕದಲ್ಲೇ ನೋಟ್‌ಬುಕ್ ತೆರೆದಿಟ್ಟುಕೊಂಡು, ಪೆನ್ಸಿಲ್ ಹಿಡಿದು ವೀಣಾ ನಾಯ್ಕ ನಿಂತಿದ್ದಾರೆ. ಮೊಬೈಲಿನ ಪರದೆಯ ಮೇಲೊಂದು ಪುಟ್ಟ ಊರು. ಅದರಲ್ಲಿ ಹತ್ತು ಮಂದಿ ಜನ, ಇಬ್ಬರು ಪಂಡಿತರು, ಒಂದು ಗ್ರಂಥಾಲಯ.

"ಜನಕ್ಕೆ ಒಂದೊಂದು, ಹತ್ತು. ಪಂಡಿತರಿಗೆ ಮೂರು ಮೂರು, ಆರು. ಹದಿನಾರಾತು. ಗ್ರಂಥಾಲಯ ಇದ್ರೆ ಅದರರ್ಧ ಜಾಸ್ತಿ. ಇಪ್ಪತ್ನಾಲ್ಕು." ಪರದೆಯೂ ಇಪ್ಪತ್ನಾಲ್ಕು ಎನ್ನುತ್ತದೆ. ಅಂಚಿನಲ್ಲಿ 'ಸರಿ' ಎಂದು ಬರೆದು ಮುಂದಿನ ಊರಿಗೆ ದಾಟುತ್ತಾರೆ. ಅಷ್ಟರಲ್ಲಿ ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿದೆ.

ಹೊನ್ನಾವರ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮಾಳಿಗೆಯಲ್ಲಿ ಒಂಬತ್ತು ಜನ ಸೇರಿ 'ಹತ್ತು ಬಂದರು' ಎಂಬ ವಿಡಿಯೋ ಗೇಮ್ ಕಟ್ಟುತ್ತಿದ್ದಾರೆ. ಚದುರಂಗದ ಹಾಗೆ ಒಬ್ಬರಾದ ಮೇಲೊಬ್ಬರು ಸರದಿಯಲ್ಲಿ ಆಡುವ ಆಟ. ಪ್ರತಿ ಸರದಿಗೆ ಪ್ರತಿ ಊರೂ ಇಷ್ಟಿಷ್ಟು 'ವಿದ್ಯೆ' ಗಳಿಸುತ್ತದೆ. ವಿದ್ಯೆ ಕೂಡುತ್ತ ಹೋದಂತೆ ಉಪ್ಪು ಮಾಡುವುದು, ನೇಯುವುದು, ಹಡಗು ಕಟ್ಟುವುದು ಒಂದೊಂದಾಗಿ ಆಡುವವರ ಕೈಗೆ ಬರುತ್ತವೆ. ಕಂಪ್ಯೂಟರ್ ಆ ವಿದ್ಯೆಯನ್ನು ಸರಿಯಾಗಿ ಕೂಡಿತೇ ಎಂದು ಕೈಲೆಕ್ಕ ಹಾಕಿ ನೋಡುವುದು ವೀಣಾರ ಕೆಲಸ. ದಿನಕ್ಕೆ ನಲವತ್ತು ಊರು. ಮೂರು ವರ್ಷಕ್ಕೆ ಮೂವತ್ತೊಂದು ನೋಟ್‌ಬುಕ್ ತುಂಬಿವೆ.

"ಪಾತ್ರೆ ತೊಳಿವಾಗ್ಲೂ ಇವಳ ಬೆರಳು ಎಣಿಸ್ತಾನೇ ಇರ್ತದೆ," ಎನ್ನುತ್ತಾರೆ ಗಂಡ ದಿವಾಕರ. "ಎಂತ ಎಣಿಸ್ತೆ ಅಂತ ಕೇಳಿದ್ರೆ ಪಂಡಿತರು ಅಂತಾಳೆ."

ವೀಣಾ ಈ ಕೆಲಸಕ್ಕೂ ಮೊದಲು ಕುಮಟಾ ಕಡೆಯ ಪ್ರೌಢಶಾಲೆಯೊಂದರಲ್ಲಿ ಹನ್ನೊಂದು ವರ್ಷ ಗಣಿತದ ಅತಿಥಿ ಶಿಕ್ಷಕಿಯಾಗಿದ್ದರು, ಮಕ್ಕಳ ಬಾಯಲ್ಲಿ 'ಅಕ್ಕೋರು'. ಖಾಯಂ ಶಿಕ್ಷಕರು ಬಂದ ದಿನ ಇವರು ಚೀಲ ಹೆಗಲಿಗೇರಿಸಿ ಮನೆಗೆ ಬಂದರು. ಒಂದೂವರೆ ವರ್ಷ ಟ್ಯೂಷನ್ ಹೇಳಿದರು. ಆಗೊಂದು ದಿನ ಹಳೆಯ ವಿದ್ಯಾರ್ಥಿನಿ ಅಮಿತಾಳ ಫೋನು ಬಂತು. "ಅಕ್ಕೋರೆ, ನಾವೊಂದು ಆಟ ಮಾಡ್ತಾ ಇದ್ದೇವೆ. ಲೆಕ್ಕ ನೋಡುಕೆ ನಿಮ್ಮಂಥವ್ರು ಬೇಕು. ಬತ್ರಾ?"

ಮಿರ್ಜಾನದ ಅಮಿತಾ ಆ ಆಟದ ನಿಯಮಗಳನ್ನು ಹೆಣೆಯುವವಳು. ಹತ್ತನೇ ತರಗತಿಯಲ್ಲಿ ಅವಳಿಗೆ ಗಣಿತದಲ್ಲಿ ಬಂದದ್ದು ಮೂವತ್ತೇಳು. ಆ ಅಂಕ ವೀಣಾರಿಗೆ ಇವತ್ತಿಗೂ ನೆನಪಿದೆ.

"ಕಲಿಸಿದ ಹುಡುಗಿ ಮೇಲೆ ಬಂದ್ರೆ ಖುಷಿ ಆಗ್ಬೇಕು ಅಲ್ದಾ? ನಂಗೆ ಹೊಟ್ಟೆ ಉರಿತದೆ. ಸುಳ್ಳು ಎಂತಕ್ಕೆ ಹೇಳುದು?" ಎನ್ನುತ್ತಾರೆ ವೀಣಾ, ಚೆಲ್ಲಿದ ಚಹಾ ಒರೆಸುತ್ತ.

ಉರಿ ಏರಿದ್ದು ಕಳೆದ ಸೆಪ್ಟೆಂಬರಿನಲ್ಲಿ. ಭಟ್ಕಳದ ಕಾಲೇಜೊಂದರಲ್ಲಿ ಹುಡುಗರಿಗೆ ಆಟವನ್ನು ಆಡಲು ಕೊಟ್ಟಿದ್ದರು. ಅವರೆಲ್ಲ ಮುಗಿಬಿದ್ದದ್ದು ಅಮಿತಾಳ ಹೊಸ ಯೋಚನೆಗೆ. ಗ್ರಂಥಾಲಯವಿರುವ ಊರು ಹಡಗಿನಲ್ಲಿ ಪುಸ್ತಕ ಕಳಿಸಿದರೆ, ಹಡಗು ಮುಟ್ಟಿದ ಊರಿಗೂ ಗ್ರಂಥಾಲಯದ ಲಾಭ. ಹುಡುಗರು ಚಪ್ಪಾಳೆ ಹೊಡೆದರು. ಪ್ರಾಂಶುಪಾಲರು ಅಮಿತಾಳಿಗೆ ಶಾಲು ಹೊದಿಸಿದರು. ವೀಣಾ ಹಿಂದಿನ ಸಾಲಿನಲ್ಲಿ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದವರು ಕೇಳಿದರಂತೆ, "ನೀವು ಅವಳ ತಾಯಿಯಾ?"

ಮುಂದಿನ ಸೋಮವಾರ ಬೆಳಿಗ್ಗೆ ಇದೇ ಒಲೆಯ ಪಕ್ಕ ಒಂದು ತಪ್ಪು ಸಿಕ್ಕಿತು. ಪುಸ್ತಕ ಕಳಿಸಿದ ಊರಿನಲ್ಲಿ ಇಪ್ಪತ್ನಾಲ್ಕು ಇರಬೇಕಾದ ಕಡೆ ಮೂವತ್ತಾರು ಕಾಣುತ್ತಿತ್ತು. ಹಡಗು ಹೊರಟ ಕೂಡಲೇ ಕಂಪ್ಯೂಟರ್ ಗ್ರಂಥಾಲಯದ 'ಅರ್ಧ ಜಾಸ್ತಿ'ಯನ್ನು ಆ ಊರಿಗೇ, ಇಪ್ಪತ್ನಾಲ್ಕರ ಮೇಲೆ, ಇನ್ನೊಮ್ಮೆ ಕೂಡುತ್ತಿತ್ತು. ಅಂಥ ಐದು ಊರಿದ್ದರೆ ಸರದಿಗೆ ನೂರಿಪ್ಪತ್ತರ ಬದಲು ನೂರೆಂಬತ್ತು. ಮೂರು ಸಾವಿರದ ಆರುನೂರು ವಿದ್ಯೆ ಬೇಡುವ ದೊಡ್ಡ ಹಡಗು ಮೂವತ್ತು ಸರದಿಗೆ ಸಿಗಬೇಕಾದದ್ದು ಇಪ್ಪತ್ತಕ್ಕೇ ಸಿಗುತ್ತಿತ್ತು. ಹುಡುಗರು ಕುಣಿದಾಡಿದ್ದು ಅಮಿತಾಳ ಯೋಚನೆಗಲ್ಲ, ಕೂಡುವ ತಪ್ಪಿಗೆ.

"ಹೊಟ್ಟೆಗೆ ತಣ್ಣೀರು ಹೊಯ್ದಂಗಾತು," ಎನ್ನುತ್ತಾರೆ ವೀಣಾ.

ಶುಕ್ರವಾರ ಮಂಗಳೂರಿನಿಂದ ಆಟವನ್ನು ಮಾರಾಟಕ್ಕೆ ಬಿಡುವ ಕಂಪನಿಯವರು ಬರುವವರಿದ್ದರು. ಅವರ ಒಪ್ಪಿಗೆಯ ಮೇಲೆ ಒಂಬತ್ತು ಜನರ ಕೆಲಸವೂ ನಿಂತಿತ್ತು. ಅವರೇ ಕಂಡುಹಿಡಿಯಲಿ, ಅಮಿತಾಳ ಮುಖ ಒಮ್ಮೆ ನೋಡಬೇಕು ಎಂದು ವೀಣಾ ನೋಟ್‌ಬುಕ್ ಮುಚ್ಚಿಟ್ಟರು. ತನ್ನ ಕೆಲಸವೂ ಹೋಗಬಹುದೆಂಬುದು ತಿಳಿದೇ ಇತ್ತು. ಮಂಗಳವಾರ ಅಮಿತಾ ಇವರಿಗೂ ಸೇರಿಸಿ ಬನ್ಸ್ ತಂದಳು. "ಅಕ್ಕೋರೆ, ನೀವು ನೋಡಿದ್ರೆ ನಂಗೆ ಧೈರ್ಯ," ಎಂದಳು. ವೀಣಾ ಬನ್ಸ್ ತಿಂದರು. ಬುಧವಾರವೂ ಬಾಯಿ ಬಿಡಲಿಲ್ಲ.

ಗುರುವಾರ ಮಧ್ಯಾಹ್ನ ತಂಡದ ಹಿರಿಯ ವಿಶ್ವನಾಥ ಊರುಗಳ ಲೆಕ್ಕದ ಹಾಳೆಗಳ ಕಟ್ಟು ತಂದು ಮುಂದಿಟ್ಟರು. "ಅಕ್ಕೋರೆ, ನಿಮ್ಮ 'ಸರಿ' ಒಂದು ಬಿದ್ರೆ ಆತು, ನಾಳೆಗೆ ತಯಾರು."

ವೀಣಾ ಪೆನ್ಸಿಲ್ ತೆಗೆದುಕೊಂಡರು. 'ಸ' ಎಂದು ಬರೆದರು. ಅಲ್ಲಿಗೇ ನಿಲ್ಲಿಸಿದರು. ಸುಮ್ಮನಿರುವುದು ಒಂದು, ಮೂವತ್ತಾರರ ಎದುರಿಗೆ 'ಸರಿ' ಎಂದು ಬರೆಯುವುದು ಇನ್ನೊಂದು. ಅಳಿಸಿದರು. 'ತಪ್ಪು' ಎಂದು ಬರೆದು, ಹಾಳೆ ಹಿಡಿದು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಮೆಲ್ಲಗೆ ಕರೆದು ಹೇಳಬಹುದಾಗಿತ್ತು. ಹೇಳ್ಲಿಲ್ಲ. ಅಷ್ಟಾದ್ರೂ ಆಗ್ಲಿ ಅಂತ ಅನಿಸ್ತು," ಎಂದು ಒಪ್ಪಿಕೊಳ್ಳುತ್ತಾರೆ.

ಅಮಿತಾಳ ಮುಖ ಕೆಂಪಾಯಿತು. ತಾನೂ ಬೆರಳು ಮಡಚಿ ಎಣಿಸಿದಳು. "ಹೌದು ಅಕ್ಕೋರೆ," ಎಂದಳು. ಆಮೇಲೆ ಕೇಳಿದಳು, "ಯಾವಾಗ ಸಿಕ್ತು?"

"ಸೋಮವಾರ."

ಅಮಿತಾ ಕಂಪ್ಯೂಟರಿನ ಮುಂದೆ ಕೂತಳು. ಸಂಜೆಯೊಳಗೆ ತಪ್ಪು ತೆಗೆದಳು. ಆಟ ನಿಧಾನವಾಯಿತು. ಆ ನಿಧಾನಕ್ಕೊಂದು ಸೊಗಸು ಬರಲಿ ಎಂದು, ಪುಸ್ತಕದ ಹಡಗು ಮೂರು ಸರದಿ ಸಮುದ್ರದಲ್ಲೇ ಇರುವಂತೆ ಮಾಡಿದಳು. ದಾರಿ ಕಾಯಬೇಕು, ಗಾಳಿ ನೋಡಬೇಕು.

ಶುಕ್ರವಾರ ಮಂಗಳೂರಿನವರು ಮೆಚ್ಚಿದ್ದು ಅದನ್ನೇ. ಆಟಕ್ಕೆ ಒಪ್ಪಿಗೆ ಸಿಕ್ಕಿತು. ಅವರು ಕುಲುಕಿದ್ದು ಅಮಿತಾಳ ಕೈ. "ತಪ್ಪು ಹಿಡಿದಿದ್ದು ನಮ್ಮ ಅಕ್ಕೋರು," ಎಂದು ಅವಳೇ ತೋರಿಸಿದಳು. ಬಂದವರು ತಲೆಯಾಡಿಸಿ ಮತ್ತೆ ಹಡಗಿನ ಮಾತಿಗೇ ಹೋದರು.

"ಅವಳ ತಪ್ಪು ಹಿಡಿದು ಅವಳಿಗೇ ಹೆಸರು ತಂದುಕೊಟ್ಟೆ," ಎಂದು ವೀಣಾ ನಗುತ್ತಾರೆ. ಆ ನಗುವಿನಲ್ಲಿ ಅರ್ಧ ಸಿಟ್ಟೂ ಇದೆ.

ಅಮಿತಾ ಒಂದು ವಾರ ಮಾತು ಬಿಟ್ಟಿದ್ದಳು. ಈಗ ಪ್ರತಿ ಸಂಜೆ ಐದಕ್ಕೆ ಇವರ ಮೇಜಿನ ಹತ್ತಿರ ಬಂದು, "ಇವತ್ತು ಎಂತಾರೂ ಸಿಕ್ತಾ ಅಕ್ಕೋರೆ?" ಎಂದು ಕೇಳಿಯೇ ಮನೆಗೆ ಹೋಗುತ್ತಾಳೆ. "ಮೂರು ದಿನ ಇಟ್ಕಂಡಿದ್ರು. ಮರೆತಿಲ್ಲ ನಾನು," ಎನ್ನುತ್ತಾಳೆ ಅವಳು. "ಆದ್ರೆ ಅವರ 'ಸರಿ' ಇಲ್ದೆ ಒಂದು ಊರನ್ನೂ ಹೊರಗೆ ಬಿಡುದಿಲ್ಲ."

ಎಂಟೂ ಹತ್ತರ ಬಸ್ಸಿಗೆ ಹೊತ್ತಾಗಿದೆ. ಹೆದ್ದಾರಿಯ ಬದಿ ನಿಂತ ವೀಣಾರನ್ನು ಕೇಳಿದರೆ, ಸಂಬಳ ಹೆಚ್ಚಬೇಕೆಂಬ ಆಸೆ ಇಲ್ಲ, ಶಾಲೂ ಬೇಡ ಎನ್ನುತ್ತಾರೆ. ಮತ್ತೇನು ಬೇಕು? ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಹೇಳುತ್ತಾರೆ.

"ಒಂದು ದಿನ ನನ್ನ ಕಂಡು ಅವಳಿಗೂ ಹೊಟ್ಟೆ ಉರಿಬೇಕು. ಸ್ವಲ್ಪ ಸಾಕು. ಒಂದೇ ದಿನ ಸಾಕು."