ಗಾಜಿನ ಮೇಲೆ ಅವ್ವನ ಹಚ್ಚೆ

ನಮ್ಮ ಪಡಸಾಲೆಯ ಗೋಡೆಯಲ್ಲಿ ಅಪ್ಪನ ಫೋಟೋದ ಪಕ್ಕ ಒಂದು ಮೊಳೆ ಬಹಳ ದಿನ ಖಾಲಿಯಿತ್ತು. ಅದನ್ನು ಹೊಡೆಸಿದವಳು ಅವ್ವನೇ. ತಾನು ಹೋದ ಮೇಲೆ ನಾವು ಯಾವುದೋ ಮದುವೆಯ ಊಟದ ಪಂಕ್ತಿಯಿಂದ ಅವಳ ಮುಖ ಕತ್ತರಿಸಿ ತಂದು ಹಾರ ಹಾಕುತ್ತೇವೆ, ಅದರಲ್ಲಿ ಅವಳ ಬಾಯಿ ತುಂಬ ಹೋಳಿಗೆ ಇರುತ್ತದೆ ಎಂಬುದು ಅವಳ ಭಯ. ನ್ಯಾಮತಿಯ ಸೋದರತ್ತೆಗೆ ಹಾಗೇ ಆಗಿತ್ತು. ಈಗಲೂ ಆ ಮನೆಗೆ ಹೋದರೆ ಅತ್ತೆ ಗೋಡೆಯ ಮೇಲೆ ಅಗಿಯುತ್ತಲೇ ಇದ್ದಾಳೆ. ಅದಕ್ಕೇ ಅವ್ವ ಹಟ ಹಿಡಿದಿದ್ದಳು: ಕಣ್ಣು ಮುಚ್ಚುವ ಮೊದಲೇ ತಾನು ಒಪ್ಪಿದ ಫೋಟೋ ಆ ಮೊಳೆಗೆ ಬೀಳಬೇಕು.

ಚನ್ನಗಿರಿಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಫೋಟೋ ಬಂತು. ಅವ್ವನ ಕೆನ್ನೆಗೆ ಮೈದಾ ಹಿಟ್ಟು ಮೆತ್ತಿದಂತಿತ್ತು. ಹಿಂದೆ ಹಿಮದ ಬೆಟ್ಟ. ಶ್ರೀಶೈಲ ಬಿಟ್ಟರೆ ಬೇರೆ ಬೆಟ್ಟ ಹತ್ತದ ಹೆಂಗಸು ಹಿಮದಲ್ಲಿ ಸ್ವೆಟರ್ ಕೂಡ ಇಲ್ಲದೆ ಕೂತಿದ್ದಳು. ಸ್ಟುಡಿಯೋದವರು ಹೆಮ್ಮೆಯಿಂದ ಹೇಳಿದರು:

"ಹಣೆ ಮ್ಯಾಲೆ ಏನೋ ಕಲೆ ಇತ್ತು ಸಾರ್. ನೀಟಾಗಿ ತೆಗ್ದೀನಿ ನೋಡ್ರಿ."

ಕಲೆಯಲ್ಲ, ಅದು ಹಚ್ಚೆ. ಹುಬ್ಬುಗಳ ನಡುವೆ ಒಂದು ಗೆರೆ, ಅದರ ಮೇಲೆ ಮೂರು ಚುಕ್ಕೆ. ಅವ್ವ ಫೋಟೋ ತಿರುಗಿಸಿ ಮುರುಗಿಸಿ ನೋಡಿದಳು.

"ಬಿಳಿಚೋಡಿನ ತವರುಮನ್ಯಾಗೆ ನಮ್ಮವ್ವ ನನ್ನ ತನ್ನ ತೊಡೆ ಮ್ಯಾಲೆ ಮಲಗಿಸ್ಕೊಂಡು ಹಾಕ್ಸಿದ್ದು ಇದು. ನಾನು ಸತ್ರೆ ಕಿವ್ಯಾಗಿಂದು ಮೂಗಿನಾಗಿಂದು ಎಲ್ಲ ನೀವು ಬಿಚ್ಕೊಂತೀರಿ. ಜೊತಿಗೆ ಬರೋದು ಇದೊಂದೇ. ಇದನ್ನೇ ಒರೆಸ್ಯಾನಲ್ಲೋ!"

ನನಗೆ ಮೈ ಉರಿದುಹೋಯಿತು. ನಾನು ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರ್ ಆಗಿ ನಿವೃತ್ತನಾದವನು. ಹಸಿರು ಇಂಕಿನ ಪೆನ್ನಿನಲ್ಲಿ ಊರ ಮಕ್ಕಳ ಅಂಕಪಟ್ಟಿಗಳನ್ನೆಲ್ಲ ಅಟೆಸ್ಟ್ ಮಾಡಿದವನು. ಅಸಲನ್ನು ಮುಂದಿಟ್ಟು ಅಕ್ಷರ ಅಕ್ಷರ ತಾಳೆ ನೋಡದೆ ಯಾವ ನಕಲಿಗೂ ಸಹಿ ಹಾಕಿದವನಲ್ಲ. ಅಂಥವನ ಹೆತ್ತ ತಾಯಿಯ ನಕಲೇ ಹೀಗಾದರೆ? ಮೊಬೈಲು, ಆ್ಯಪು, ಫ್ಲೆಕ್ಸು, ಇಡೀ ಕಾಲಕ್ಕೇ ಶಾಪ ಹಾಕಿ ಅಲ್ಲೇ ಘೋಷಿಸಿಬಿಟ್ಟೆ: ಅವ್ವನ ಫೋಟೋ ನಾನೇ ತೆಗೆಯುತ್ತೇನೆ, ಹಳೇ ಕಾಲದ ಹಾಗೆ ಗಾಜಿನ ಮೇಲೆ. ಗಾಜಿಗೆ ಸುಳ್ಳು ಹೇಳಲು ಬರುವುದಿಲ್ಲ.

ಹೊನ್ನಾಳಿಯಲ್ಲಿ ಮುಚ್ಚಿಹೋದ ಸ್ಟುಡಿಯೋ ಒಂದರಿಂದ ಮರದ ಕ್ಯಾಮೆರಾ ಸಿಕ್ಕಿತು. ಕಿಟಕಿಯ ಗಾಜು ಕತ್ತರಿಸಿ ತಂದೆ. ಬೆಳಕು ತಾಗಿದರೆ ಕಪ್ಪಾಗುವ ಬೆಳ್ಳಿಯ ಲವಣವನ್ನು ಜೆಲಟಿನ್ ಎಂಬ ಅಂಟಿನಲ್ಲಿ ಕಲಸಿ ಗಾಜಿಗೆ ಹೊಯ್ಯಬೇಕು, ಕತ್ತಲಲ್ಲೇ ಒಣಗಿಸಬೇಕು. ವಿಜ್ಞಾನದ ಮೇಷ್ಟರಿಗೆ ಇದೇನು ಮಹಾ ಎಂದುಕೊಂಡೆ. ಅಡಿಗೆಮನೆಯಲ್ಲಿ ಜೆಲಟಿನ್ ನೆನೆಹಾಕುತ್ತಿದ್ದಾಗ ನನ್ನ ಹೆಂಡತಿ ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿದಳು.

"ಏನ್ರೀ ಇದು? ದನದ ಚರ್ಮ, ಎಲುಬು ಬೇಯಿಸಿ ಮಾಡೋದಂತೆ! ಅತ್ತೀ, ನೋಡ್ರಿ ಇಲ್ಲಿ ನಿಮ್ಮ ಮಗ ಏನು ತಂದಾರೆ!"

ಮೂರು ಹೊತ್ತೂ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವಳು ನಮ್ಮವ್ವ. ಇನ್ನು ಕ್ಯಾಮೆರಾ ಸಮೇತ ನಾನು ಬೀದಿಗೆ ಬಿದ್ದೆ ಎಂದೇ ತಿಳಿದೆ. ಅವ್ವ ಬಂದು ಪಾತ್ರೆಯೊಳಗೆ ಇಣುಕಿದಳು.

"ಈಗ ನನ್ನ ಮುಖ ಇರೋದಾದ್ರೂ ಯಾತರ ಮ್ಯಾಲಪ್ಪ? ಚರ್ಮ ಎಲುಬಿನ ಮ್ಯಾಲೇ ಅಲ್ವೇನು? ಆದ್ರೆ ನನ್ನ ಅಡಿಗೆಮನಿಗೆ ಮಾತ್ರ ಬ್ಯಾಡ. ಬಚ್ಚಲಿಗೆ ಹೋಗು."

ಹೀಗೆ ನನ್ನ ಪ್ರಯೋಗಶಾಲೆ ಬಚ್ಚಲುಮನೆಗೆ ವರ್ಗವಾಯಿತು. ಕಿಟಕಿಗೆ ಗೋಣಿಚೀಲ ಬಡಿದೆ. ಒಲೆಯಲ್ಲಿ ಉಳಿದಿದ್ದ ಕೆಂಡದ ಮಂದ ಕೆಂಪಷ್ಟೇ ಬೆಳಕು. ಅಷ್ಟು ಕೆಂಪು ಈ ಲವಣಕ್ಕೆ ಏನೂ ಮಾಡುವುದಿಲ್ಲ. ಗಾಜುಗಳನ್ನು ಸಾಲಾಗಿ ಜೋಡಿಸಿ ಒಂದೊಂದಕ್ಕೂ ಹೊಯ್ದು ಮುಗಿಸಿ, ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಒಲೆ ಭಗ್ ಎಂದಿತು. ಇಡೀ ಬಚ್ಚಲು ಬೆಳಗಿತು. ಗೋಡೆಯಾಚೆಯಿಂದ ಅವ್ವನ ದನಿ:

"ಅವಾಗಿಂದ ಬಚ್ಚಲದಾಗೆ ಕುಂತೀಯ, ನೀರು ತಣ್ಣಗಾಗಿರ್ತಾವೆ ಅಂತ ಒಲಿಗೆ ಒಂದು ಪುಟ್ಟಿ ಜೋಳದ ಬೆಂಡು ಹಾಕೀನಿ. ಚೆಂದಾಗಿ ಮೈ ತಿಕ್ಕಿಕೋ."

ನಮ್ಮ ಬಚ್ಚಲೊಲೆಗೆ ಉರಿ ಹಾಕುವುದು ಹಿತ್ತಲಿನ ಕಡೆಯಿಂದ. ಮಗನಿಗೆ ಎಪ್ಪತ್ತು ದಾಟಿದರೂ ಅವನ ಮೈ ತೊಳೆಯುವುದು ತಾಯಿಯ ಜವಾಬ್ದಾರಿ ಎಂದೇ ತಿಳಿದಿರುವವಳ ಮುಂದೆ ಏನು ಹೇಳುವುದು? ಬೆಳಕು ಬಿದ್ದ ಗಾಜೆಲ್ಲ ಕೆಲಸಕ್ಕೆ ಬಾರದಾಯಿತು. ಬಿಸಿನೀರು ವ್ಯರ್ಥವಾಗಬಾರದೆಂದು ಸ್ನಾನ ಮಾಡಿಕೊಂಡು ಹೊರಗೆ ಬಂದೆ.

ಎರಡನೇ ಸಲ ಒಲೆಯ ಬಾಯಿಗೆ ಕಲ್ಲಿಟ್ಟು ಕೂತೆ. ಬೆಳ್ಳಿಯ ಲವಣದಿಂದ ಬೆರಳೆಲ್ಲ ಅಡಿಕೆಯ ಚೊಗರು ಹಿಡಿದಂತೆ ಕರ್ರಗಾಗಿತ್ತು. "ಏನ್ ಸಾರ್, ಅಡಿಕೆ ಬೇಯ್ಸಾಕೆ ಹೋಗಿದ್ರೇನು?" ಎಂದು ಬೀದಿಯವರು ಕೇಳತೊಡಗಿದರು.

ಅಂತೂ ಮಳೆ ಬಿಟ್ಟ ಒಂದು ಬೆಳಿಗ್ಗೆ ಅವ್ವನನ್ನು ಅಂಗಳದ ಬಿಸಿಲಿನಲ್ಲಿ ಕೂರಿಸಿದೆ. ಹಣೆಗೆ ವಿಭೂತಿ ಬೇಡ, ಹಚ್ಚೆ ಮುಚ್ಚುತ್ತದೆ ಎಂದು ಅವಳೇ ಒರೆಸಿಕೊಂಡಳು. ಇದೊಂದಕ್ಕಾಗಿ ಶಿವನಿಗೂ ಸ್ವಲ್ಪ ಹೊತ್ತು ರಜೆ. ಅಲುಗದೆ ಕೂರಬೇಕಲ್ಲ, ಅದಕ್ಕೆ ಓಂ ನಮಃ ಶಿವಾಯ ಎಂದು ಮನಸ್ಸಿನಲ್ಲೇ ಹೇಳಿಕೋ ಎಂದೆ. ಅವಳು ಬಾಯಿಬಿಟ್ಟೇ ಹೇಳಿದಳು. ಮೊದಲ ಗಾಜಿನಲ್ಲಿ ಅವ್ವನಿಗೆ ಬಾಯಿಯೇ ಇರಲಿಲ್ಲ. ನನ್ನ ಹೆಂಡತಿ ಅದನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಾಳೆ, ಯಾಕೆ ಎಂದು ನಾನು ಕೇಳಿಲ್ಲ.

ಎರಡನೆಯದು ಬಂತು. ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಮೂಡಿದ್ದ ಅದರಿಂದ ಇನ್ನೊಂದು ಗಾಜಿನ ಮೇಲೆ ನೇರ ಚಿತ್ರ ಮಾಡಿ, ಹಿಂದೆ ಬಿಳಿ ಹಾಳೆ ಇಟ್ಟು ಪಡಸಾಲೆಗೆ ತಂದೆ. ಏನು ಮುಖ! ಒಂದೊಂದು ಸುಕ್ಕೂ ಎಣಿಸುವ ಹಾಗಿತ್ತು. ಗೆದ್ದೆ ಎಂದು ಎದೆಯುಬ್ಬಿಸಿ ಅವ್ವನ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, ಗಾಜಿನ ಹಣೆಯ ಮೇಲೆ ಬೆರಳಾಡಿಸಿದಳು.

"ಹಚ್ಚೆ ಎಲ್ಲೈತೋ?"

ಇರಲಿಲ್ಲ. ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ. ಹಣೆ ಸಾರಿಸಿದ ನೆಲದಂತೆ ಖಾಲಿ. ಆಗ ಹೊಳೆಯಿತು. ಮನೆಯಲ್ಲಿ ಮಾಡಿದ ಈ ಗಾಜಿಗೆ ಕಾಣುವುದು ನೀಲಿ ಬೆಳಕು ಮಾತ್ರ. ಕಂದು ಚರ್ಮ ಅದರ ಕಣ್ಣಿಗೆ ಇನ್ನಷ್ಟು ಕಪ್ಪು, ನೀಲಿ ಬೆರೆತ ಹಸಿರು ಹಚ್ಚೆ ಆ ಕಪ್ಪಿನಲ್ಲೇ ಕರಗಿಹೋಗುತ್ತದೆ. ಬೆಳಕಿನ ಬಣ್ಣಗಳ ಪಾಠವನ್ನು ಜೀವಮಾನವೆಲ್ಲ ಮಾಡಿದ ಮಹಾನುಭಾವನಿಗೆ ಇದು ತಾಯಿಯ ಹಣೆ ಬೋಳಾದ ಮೇಲೆ ನೆನಪಾಯಿತು. ಸ್ಟುಡಿಯೋದವರು ಒಂದು ನಿಮಿಷದಲ್ಲಿ ಅಳಿಸಿದ್ದನ್ನು ನಾನು ಮಳೆಗಾಲವೆಲ್ಲ ಒದ್ದಾಡಿ ಅಳಿಸಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು, ಏಕೆಂದರೆ ಅವ್ವ ಬೈಯಲಿಲ್ಲ. ಸುಮ್ಮನೆ ಆ ಮೊಳೆಯ ಕಡೆ ನೋಡಿದಳು.

"ನಿನ್ನ ಹಸಿರು ಪೆನ್ನು ಐತಲ್ಲ, ತಗೊಂಬಾ," ಎಂದಳು ಆಮೇಲೆ.

"ಅವ್ವಾ, ಹಂಗೆ ತಿದ್ದಾಕೆ ಬರಂಗಿಲ್ಲ. ಅದು ಸುಳ್ಳಾಗ್ತೈತೆ."

"ಅಸಲು ಇಲ್ಲೇ ಮುಂದೆ ಕುಂತೈತಲ್ಲೋ. ನೋಡ್ಕೊಂಡು ಬರಿ."

ಪೆನ್ನು ತಂದೆ. ಗಾಜಿನ ಮೇಲಿನ ಅಂಟು ಇಂಕನ್ನು ತಕ್ಷಣ ಹೀರಿಕೊಳ್ಳುತ್ತದೆ, ಒಮ್ಮೆ ತಪ್ಪಿದರೆ ಮುಗಿಯಿತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವ್ವನ ಹಣೆಯನ್ನು ಅಷ್ಟು ಹತ್ತಿರದಿಂದ ನೋಡಿದೆ. ಮೂರನೇ ಚುಕ್ಕೆ ಸ್ವಲ್ಪ ಓರೆ. ಯಾಕೆ ಎಂದು ಕೇಳಿದೆ.

"ಅಷ್ಟೊತ್ತಿಗೆ ನೋವು ತಡೀಲಾರ್ದೆ ಮುಖ ಹೊಳ್ಳಿಸಿಬಿಟ್ಟಿದ್ದೆ. ನಮ್ಮವ್ವ ಗಟ್ಟಿಯಾಗಿ ಹಿಡ್ಕೊಂಡು ತಾನೇ ಅಳಾಕೆ ಹತ್ತಿದ್ಲು."

ಗೆರೆ ಎಳೆದೆ. ಎರಡು ಚುಕ್ಕೆ ಇಟ್ಟೆ. ಮೂರನೆಯದಕ್ಕೆ ಪೆನ್ನು ತಗುಲಿಸುವಾಗ ಎದುರಿಗೆ ಕೂತಿದ್ದ ಅವ್ವ ಕಣ್ಣು ಬಿಗಿಯಾಗಿ ಮುಚ್ಚಿ, ನನ್ನ ಮೊಣಕೈ ಹಿಡಿದುಕೊಂಡಳು. ಚುಕ್ಕೆ ಓರೆಯಾಗಿಯೇ ಬಿತ್ತು.